ಓಡಿದ ಮಗ, ಓಟ ಉಳಿಸಿದ ತಾಯಿ

ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಕ್ಯಾನ್ಸರ್ ಬಗ್ಗೆ ಬರುವ ಭಾಗ ಚಿಕ್ಕದು. ಸಾಮಾನ್ಯ ಜೀವಕೋಶಗಳು ಒಂದನ್ನೊಂದು ತಾಗಿದಾಗ ಬೆಳವಣಿಗೆ ನಿಲ್ಲಿಸುತ್ತವೆ. ಕ್ಯಾನ್ಸರ್ ಕೋಶಗಳು ಈ ಗುಣವನ್ನು ಕಳೆದುಕೊಂಡು ಗೆಡ್ಡೆ ಕಟ್ಟುತ್ತವೆ. ಕೆಲವು ಗೆಡ್ಡೆಗಳ ಕೋಶಗಳು ರಕ್ತದ ಜೊತೆ ಸಾಗಿ ಬೇರೆ ಅಂಗದಲ್ಲಿ ಹೊಸ ಗೆಡ್ಡೆ ಬೆಳೆಸುತ್ತವೆ. ಇದಕ್ಕೆ ಮೆಟಾಸ್ಟಾಸಿಸ್ ಎಂದು ಹೆಸರು. ವಿಜ್ಞಾನ ವಿಭಾಗದ ನಾವೆಲ್ಲ ಈ ಪದವನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೇವೆ. ಆದರೆ ಇದು ಒಬ್ಬ ಮನುಷ್ಯನ ಬದುಕಿಗೆ, ಒಂದು ಮನೆಯ ಒಳಗೆ ಹೇಗೆ ಬರುತ್ತದೆ ಎಂದು ತಿಳಿಯುವ ಆಸೆಯಿಂದ ಓದುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಕೆನಡಾದ ಟೆರ್ರಿ ಫಾಕ್ಸ್.

ಟೆರ್ರಿ ಫಾಕ್ಸ್ ಒಂದು ಕೃತಕ ಕಾಲಿನಲ್ಲಿ 143 ದಿನ ಓಡಿದವನು. ಕ್ಯಾನ್ಸರ್ ಸಂಶೋಧನೆಗೆ ಹಣ ಸಂಗ್ರಹಿಸಲು ಅವನು ಓಡಿದ ದೂರ 5,373 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್ ಎಂದುಕೊಂಡರೆ ಆ ದಾರಿಯನ್ನು ಹದಿನೈದು ಸಲ ಓಡಿದ ಹಾಗೆ. ಅವನ ಸಾಹಸದ ಬಗ್ಗೆ ಬಹಳ ಬರಹಗಳಿವೆ. ಓದುವಾಗ ನನ್ನ ಗಮನ ಮಾತ್ರ ಮತ್ತೆ ಮತ್ತೆ ಬೇರೆ ಕಡೆ ಹೋಯಿತು. ಅವನು ಓಡುತ್ತಿದ್ದಾಗ ಅವನ ಅಪ್ಪ ಅಮ್ಮ ಏನು ಮಾಡುತ್ತಿದ್ದರು? ಅದಕ್ಕೆ ಸಿಕ್ಕ ಉತ್ತರವನ್ನೇ ಈ ಲೇಖನದಲ್ಲಿ ವಿವರಿಸುತ್ತೇನೆ. ಇನ್ನು ಕೆಲವೇ ತಿಂಗಳಲ್ಲಿ ಮನೆ ಬಿಟ್ಟು ಹಾಸ್ಟೆಲ್ ಸೇರಲಿರುವ ನಮ್ಮಂಥವರಿಗೆ ಇದು ಉಪಯೋಗಕ್ಕೆ ಬರಬಹುದು.

ಹದಿನೈದು ಮತ್ತು ಐವತ್ತು

ಟೆರ್ರಿ ಹುಟ್ಟಿದ್ದು 1958ರ ಜುಲೈ 28ರಂದು, ವಿನಿಪೆಗ್ ನಗರದಲ್ಲಿ. ತಂದೆ ರೋಲಂಡ್ ಫಾಕ್ಸ್ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದರು. ತಾಯಿ ಬೆಟ್ಟಿ ಫಾಕ್ಸ್. ನಾಲ್ಕು ಮಕ್ಕಳಲ್ಲಿ ಟೆರ್ರಿ ಎರಡನೆಯವನು. ಮುಂದೆ ಕುಟುಂಬ ದೇಶದ ಪಶ್ಚಿಮ ತುದಿಯಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪೋರ್ಟ್ ಕೊಕ್ವಿಟ್ಲಮ್ ಎಂಬ ಊರಿನಲ್ಲಿ ನೆಲೆಸಿತು. ಟೆರ್ರಿ ಬಾಸ್ಕೆಟ್‌ಬಾಲ್ ಆಟಗಾರ. ದೈಹಿಕ ಶಿಕ್ಷಣ ಶಿಕ್ಷಕನಾಗಬೇಕೆಂದು ಸೈಮನ್ ಫ್ರೇಸರ್ ವಿಶ್ವವಿದ್ಯಾಲಯ ಸೇರಿದ್ದ.

1976ರ ನವೆಂಬರ್‌ನಲ್ಲಿ ಅವನ ಕಾರು ಅಪಘಾತಕ್ಕೀಡಾಗಿ ಬಲ ಮೊಣಕಾಲಿಗೆ ನೋವಾಯಿತು. ಆಮೇಲೂ ಆಗಾಗ ಕಾಡುತ್ತಿದ್ದ ನೋವನ್ನು ಅವನು ಆಟದ ಋತು ಮುಗಿಯಲಿ ಎಂದು ಸಹಿಸಿಕೊಂಡ. 1977ರ ಮಾರ್ಚ್‌ನಲ್ಲಿ ನೋವು ತಡೆಯಲಾಗದೆ ಆಸ್ಪತ್ರೆಗೆ ಹೋದಾಗ ಗೊತ್ತಾಗಿದ್ದು ಆಸ್ಟಿಯೊಸಾರ್ಕೋಮಾ, ಅಂದರೆ ಮೂಳೆಯ ಕ್ಯಾನ್ಸರ್. ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಹೇಳಿದರು.

ಈ ಕಾಯಿಲೆಯ ಬಗ್ಗೆ ನಾವು ತಿಳಿದಿರಬೇಕಾದ ಒಂದು ವಿಷಯವಿದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ನಮ್ಮ ವಯಸ್ಸಿನಲ್ಲೇ, ಮೂಳೆ ವೇಗವಾಗಿ ಬೆಳೆಯುವ ಹದಿಹರೆಯದಲ್ಲಿ. ಹೆಚ್ಚಾಗಿ ಮೊಣಕಾಲಿನ ಹತ್ತಿರ. ಆಟದಲ್ಲಿ ಆದ ಪೆಟ್ಟಿನ ನೋವು ದಿನ ಕಳೆದಂತೆ ಕಡಿಮೆಯಾಗುತ್ತದೆ. ವಾರಗಟ್ಟಲೆ ಕಡಿಮೆಯಾಗದೆ, ರಾತ್ರಿ ಹೊತ್ತು ಹೆಚ್ಚಾಗಿ, ಜೊತೆಗೆ ಊತವೂ ಇದ್ದರೆ ವೈದ್ಯರಿಗೆ ತೋರಿಸಬೇಕು. ಅಂಥ ನೋವು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ಆದರೂ ಮುಲಾಮು ಹಚ್ಚಿಕೊಂಡು ಸುಮ್ಮನಿರುವುದು ಸರಿಯಲ್ಲ.

ಟೆರ್ರಿಯ ಬಲಗಾಲನ್ನು ಮೊಣಕಾಲಿನ ಮೇಲ್ಭಾಗದಲ್ಲಿ ಕತ್ತರಿಸಬೇಕಾಯಿತು. ಆಗ ಅವನಿಗೆ 18 ವರ್ಷ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅವನ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಕೋಚ್ ಒಂದು ಪತ್ರಿಕೆ ತಂದುಕೊಟ್ಟರು. ಕಾಲು ಕಳೆದುಕೊಂಡಿದ್ದರೂ ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿದ ಡಿಕ್ ಟ್ರಾಮ್ ಎಂಬವರ ಬಗ್ಗೆ ಅದರಲ್ಲಿ ಲೇಖನವಿತ್ತು.

ವೈದ್ಯರು ಟೆರ್ರಿಗೆ ಹೇಳಿದ ಒಂದು ಸಂಖ್ಯೆ ಈ ಕಥೆಯ ಬೀಜ. ಬದುಕುಳಿಯುವ ಸಾಧ್ಯತೆ ಶೇಕಡಾ 50 ಎಂದರು. ಎರಡೇ ವರ್ಷ ಮೊದಲಾಗಿದ್ದರೆ ಅದು ಶೇಕಡಾ 15 ಇರುತ್ತಿತ್ತು. ನಡುವೆ ಆದ ಬದಲಾವಣೆಗೆ ಕಾರಣ ಸಂಶೋಧನೆ. ಮುಂದಿನ 16 ತಿಂಗಳ ಕಿಮೋಥೆರಪಿಯಲ್ಲಿ ಅವನು ತನಗಿಂತ ಚಿಕ್ಕವರೂ ಕ್ಯಾನ್ಸರ್‌ನಿಂದ ನರಳುವುದನ್ನು, ಸಾಯುವುದನ್ನು ಕಂಡ. ತನ್ನನ್ನು ಉಳಿಸಿದ್ದು ಯಾರೋ ಕೊಟ್ಟ ಹಣದಿಂದ ನಡೆದ ಸಂಶೋಧನೆಯಾದರೆ, ಮುಂದಿನವರಿಗಾಗಿ ತಾನೂ ಹಣ ತರಬೇಕು ಎಂಬ ಲೆಕ್ಕಾಚಾರ ಅಲ್ಲಿಂದ ಹುಟ್ಟಿತು.

ಅಮ್ಮನ ‘ಬೇಡ’, ಅಪ್ಪನ ‘ಯಾವಾಗ?’

1979ರ ಫೆಬ್ರವರಿಯಲ್ಲಿ ಟೆರ್ರಿ ಓಟದ ಅಭ್ಯಾಸ ಶುರು ಮಾಡಿದ. ಮನೆಯಲ್ಲಿ ಹೇಳಿದ್ದು ಮ್ಯಾರಥಾನ್‌ಗೆ ತಯಾರಿ ಎಂದು ಮಾತ್ರ. ಅದೇ ವರ್ಷ ಪ್ರಿನ್ಸ್ ಜಾರ್ಜ್ ಎಂಬ ಊರಿನಲ್ಲಿ ನಡೆದ ಓಟದ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಬಂದ. ಆದರೆ ಪೂರ್ತಿ ಓಡಿ ಮುಗಿಸಿದ. ಅದಾದ ಮೇಲೆ ಮನೆಯವರಿಗೆ ನಿಜ ಹೇಳಿದ: ಕೆನಡಾದ ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ, ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಓಡುತ್ತೇನೆ.

ಬೆಟ್ಟಿ ಫಾಕ್ಸ್ ಒಪ್ಪಲಿಲ್ಲ. ಇದು ಹುಚ್ಚುತನ ಎಂದೇ ಹೇಳಿದರು. ಅವರ ಜಾಗದಲ್ಲಿ ನಿಂತು ನೋಡಿದರೆ ಕಾರಣಗಳು ಸ್ಪಷ್ಟ. ಮಗ ಕ್ಯಾನ್ಸರ್‌ನಿಂದ ಎದ್ದು ಬಂದು ಹೆಚ್ಚು ಕಾಲವಾಗಿಲ್ಲ. ಅಂದಿನ ಕೃತಕ ಕಾಲು ನಡೆಯಲು ಮಾಡಿದ್ದೇ ಹೊರತು ಓಡಲು ಅಲ್ಲ. ಕತ್ತರಿಸಿದ ಕಾಲಿನ ತುದಿ ಅದರ ಕಪ್‌ನೊಳಗೆ ಉಜ್ಜಿ ಗುಳ್ಳೆ ಎದ್ದು ರಕ್ತ ಬರುತ್ತಿತ್ತು. ಇದರ ಮೇಲೆ ಅವನ ಹೃದಯದ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿರುವುದೂ ಪತ್ತೆಯಾಗಿತ್ತು. ಕೆನಡಾದ ಕ್ಯಾನ್ಸರ್ ಸೊಸೈಟಿ ಕೂಡ ಹೃದಯ ತಜ್ಞರ ಪ್ರಮಾಣಪತ್ರ ತರದೆ ಬೆಂಬಲ ಕೊಡಲಿಲ್ಲ.

ಅಮ್ಮನ ಮಾತಿನಿಂದ ಟೆರ್ರಿಗೆ ಸಿಟ್ಟು ಬಂತು. ನನ್ನನ್ನು ಮೊದಲು ನಂಬುವವರಲ್ಲಿ ನೀನೂ ಒಬ್ಬಳು ಎಂದುಕೊಂಡಿದ್ದೆ ಎಂಬ ಅರ್ಥದ ಮಾತು ಹೇಳಿದ. ಈ ಮಾತನ್ನು ಬೆಟ್ಟಿ ಎಷ್ಟೋ ವರ್ಷಗಳ ನಂತರವೂ ಮರೆಯಲಿಲ್ಲ. ಅವನನ್ನು ಮೊದಲು ನಿರಾಸೆಗೊಳಿಸಿದವಳು ನಾನೇ ಎಂದು ಸ್ವತಃ ಹೇಳಿಕೊಂಡಿದ್ದಾರೆ. ವಿಷಯ ತಿಳಿದ ತಂದೆ ರೋಲಂಡ್ ಕೇಳಿದ್ದು ಒಂದೇ ಪದದ ಪ್ರಶ್ನೆ: ಯಾವಾಗ?

ಇದನ್ನು ಓದಿ ಅಪ್ಪ ಒಳ್ಳೆಯವರು, ಅಮ್ಮ ಅಡ್ಡಗಾಲು ಎಂದು ತೀರ್ಮಾನಿಸುವುದು ಸುಲಭ. ನನಗೆ ಹಾಗನ್ನಿಸಲಿಲ್ಲ. ಇಬ್ಬರೂ ಒಂದೇ ಮಗನನ್ನು ಚೆನ್ನಾಗಿ ಬಲ್ಲವರು. ಹಠ ಹಿಡಿದರೆ ಬಿಡುವವನಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ನೋವಾದರೆ ಹೇಳುವವನಲ್ಲ ಎಂಬುದು ಅಮ್ಮನಿಗೆ ಗೊತ್ತಿತ್ತು. ಮೊಣಕಾಲಿನ ನೋವನ್ನು ಅವನು ಎಷ್ಟು ತಿಂಗಳು ನುಂಗಿಕೊಂಡಿದ್ದ ಎಂದು ಆ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತಲ್ಲ. ಟೆರ್ರಿಗೆ ಆಗ 21 ವರ್ಷ. ಕಾನೂನಿನ ಪ್ರಕಾರ ಯಾರ ಅನುಮತಿಯೂ ಬೇಕಿರಲಿಲ್ಲ. ಆದರೂ ಅಮ್ಮ ನಂಬಲಿಲ್ಲ ಎಂದು ಅವನು ನೊಂದುಕೊಂಡ. ಬೆಳೆದ ಮಕ್ಕಳು ಮನೆಯಿಂದ ಬಯಸುವುದು ಏನೆಂದು ಇದರಿಂದ ಗೊತ್ತಾಗುತ್ತದೆ.

ಬೆಟ್ಟಿ ಮನಸ್ಸು ಬದಲಿಸಿದರು. ಹೆದರಿಕೆ ಹೋಯಿತು ಎಂದಲ್ಲ, ಹೆದರಿಕೆಯ ಜೊತೆಯಲ್ಲೇ ಮಗನ ಪರ ನಿಂತರು. ಟೆರ್ರಿಯೂ ಅಮ್ಮನ ಮಾತನ್ನು ಪೂರ್ತಿ ತಳ್ಳಿಹಾಕುವವನಾಗಿರಲಿಲ್ಲ. ಅಭ್ಯಾಸದ ಒಂದು ಹಂತದಲ್ಲಿ ಅವನು ಸತತ 101 ದಿನ ಬಿಡುವಿಲ್ಲದೆ ಓಡಿದ. ಅದು ನಿಂತದ್ದು ಕ್ರಿಸ್‌ಮಸ್ ದಿನ, ಅಮ್ಮ ಕೇಳಿಕೊಂಡಳು ಎಂಬ ಒಂದೇ ಕಾರಣಕ್ಕೆ. ಓಟ ಶುರುವಾಗುವ ಮೊದಲು ಅಭ್ಯಾಸದಲ್ಲೇ ಅವನು ಐದು ಸಾವಿರ ಕಿಲೋಮೀಟರ್ ದಾಟಿದ್ದ.

ನಾಲ್ಕೂವರೆ ಗಂಟೆಯ ಅಂತರ

1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್‌ನಲ್ಲಿ ಟೆರ್ರಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದಲ್ಲಿ ಅದ್ದಿದ. ಎರಡು ದೊಡ್ಡ ಬಾಟಲಿಗಳಲ್ಲಿ ಸಮುದ್ರದ ನೀರು ತುಂಬಿಸಿಕೊಂಡ. ಒಂದನ್ನು ಪೆಸಿಫಿಕ್ ಸಾಗರಕ್ಕೆ ಸುರಿಯಬೇಕೆಂಬುದು ಯೋಜನೆ. ಓಟಕ್ಕೆ ‘ಮ್ಯಾರಥಾನ್ ಆಫ್ ಹೋಪ್’ ಎಂದು ಹೆಸರಿಟ್ಟ. ಸ್ನೇಹಿತ ಡಗ್ ಆಲ್ವರ್ಡ್ ವ್ಯಾನ್ ಓಡಿಸುತ್ತಾ ಜೊತೆಗೆ ಹೊರಟ. ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ದಿನವೂ ಒಂದು ಮ್ಯಾರಥಾನ್, ಗುರಿಯಾಗಿತ್ತು. ಮೊದಲ ದಿನಗಳಲ್ಲೇ ಬಿರುಗಾಳಿ, ಮಳೆ, ಹಿಮ ಎದುರಾದವು.

ಅವನ ಓಟದ ಶೈಲಿಯನ್ನು ಇಲ್ಲಿ ವಿವರಿಸಬೇಕು. ಕೃತಕ ಕಾಲು ಮಡಚಿ ಮತ್ತೆ ಮುಂದಕ್ಕೆ ಬರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಅದು ಬರುವವರೆಗೆ ಎಡಗಾಲಿನಲ್ಲಿ ಎರಡು ಸಲ ಕುಪ್ಪಳಿಸಬೇಕು. ಎಡಗಾಲಿನಲ್ಲಿ ಎರಡು ಕುಪ್ಪಳಿಕೆ, ಬಲಗಾಲಿನಲ್ಲಿ ಒಂದು ಹೆಜ್ಜೆ. ಹಳೆಯ ವೀಡಿಯೊಗಳಲ್ಲಿ ಇದು ಕಾಣುತ್ತದೆ. ಹೀಗಾಗಿ ಎಡಗಾಲಿಗೆ ಎರಡು ಪಟ್ಟು ಕೆಲಸ, ಬಲಗಾಲಿನ ತುದಿಗೆ ಪ್ರತಿ ಹೆಜ್ಜೆಗೂ ಪೆಟ್ಟು. ಇಂದಿನ ಓಟಗಾರರು ಬಳಸುವ, ಬಿಲ್ಲಿನಂತೆ ಬಾಗಿದ ಕಾರ್ಬನ್ ಫೈಬರ್ ಕಾಲು ಆಗ ಇರಲಿಲ್ಲ.

ಈಗ ಮನೆಯ ಕಡೆ ನೋಡೋಣ. ಕೆನಡಾ ಎಷ್ಟು ಅಗಲವಾದ ದೇಶವೆಂದರೆ ಅದರ ಪೂರ್ವ ತುದಿಗೂ ಪಶ್ಚಿಮ ತುದಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಟೆರ್ರಿ ನಸುಕಿನಲ್ಲೇ ಓಟ ಶುರು ಮಾಡುತ್ತಿದ್ದ. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಬೆಳಗಿನ ಜಾವ ನಾಲ್ಕೂವರೆ ಆದಾಗ ಪೋರ್ಟ್ ಕೊಕ್ವಿಟ್ಲಮ್‌ನ ಮನೆಯಲ್ಲಿ ನಡುರಾತ್ರಿ ಹನ್ನೆರಡು. ಮಗ ಓಡಲು ಏಳುವ ಹೊತ್ತು, ತಾಯಿ ಮಲಗುವ ಹೊತ್ತು.

ನಮ್ಮ ಕರಾವಳಿಯ ಮನೆಗಳಲ್ಲಿ ಈ ಲೆಕ್ಕ ಯಾರಿಗೂ ಹೊಸದಲ್ಲ. ನನ್ನ ಅಣ್ಣ ಅಬುಧಾಬಿಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಉಮ್ಮ ಗಡಿಯಾರ ನೋಡಿದರೆ ನಮಗೆ ಹತ್ತು ಗಂಟೆ ಎಂದು ಹೇಳುವುದಿಲ್ಲ, “ಅವನಿಗೀಗ ಎಂಟೂವರೆ, ಊಟಕ್ಕೆ ಕೂತಿರ್ತಾನೆ” ಎನ್ನುತ್ತಾರೆ. ದೂರ ಇರುವ ಮಗನ ಗಡಿಯಾರದಲ್ಲಿ ಬದುಕುವುದು ಎಂದರೆ ಇದೇ. ಆದರೆ ಉಮ್ಮನ ಕೈಯಲ್ಲಿ ವೀಡಿಯೊ ಕಾಲ್ ಇದೆ. 1980ರಲ್ಲಿ ಮೊಬೈಲ್ ಇರಲಿಲ್ಲ. ಹೆದ್ದಾರಿಯಲ್ಲಿರುವ ಮಗನಿಗೆ ಮನೆಯಿಂದ ಫೋನ್ ಮಾಡುವ ದಾರಿಯೇ ಇರಲಿಲ್ಲ. ಅವನಾಗಿಯೇ ದಾರಿಯ ಮೇಲೆ ಎಲ್ಲಿಂದಾದರೂ ಫೋನ್ ಮಾಡಬೇಕು. ಉಳಿದಂತೆ ಪತ್ರಿಕೆ, ಟಿವಿ.

ಮೊದಮೊದಲು ಆ ಸುದ್ದಿಯೂ ಕಡಿಮೆ. ಊರುಗಳನ್ನು ದಾಟಿದರೂ ಗುರುತಿಸುವವರಿರಲಿಲ್ಲ. ನ್ಯೂಫೌಂಡ್‌ಲ್ಯಾಂಡಿನ ಪೋರ್ಟ್ ಓ ಬಾಸ್ಕ್ ಎಂಬ ಪಟ್ಟಣದ ಜನ ಮಾತ್ರ ಬೇರೆಯಾಗಿ ನಡೆದುಕೊಂಡರು. ಸುಮಾರು ಹತ್ತು ಸಾವಿರ ಜನರ ಆ ಊರು ಹತ್ತು ಸಾವಿರ ಡಾಲರಿಗೂ ಹೆಚ್ಚು ಕೊಟ್ಟಿತು. ತಲೆಗೆ ಒಂದು ಡಾಲರ್. ಒಂದು ಊರಿಗೆ ಸಾಧ್ಯವಾದದ್ದು ಇಡೀ ದೇಶಕ್ಕೂ ಸಾಧ್ಯ. ಪ್ರತಿ ಕೆನಡಿಯನ್‌ನಿಂದ ಒಂದು ಡಾಲರ್ ಎಂಬುದು ಟೆರ್ರಿಯ ಗುರಿಯಾಯಿತು.

ಲಗಾಮು ಹಿಡಿಯದೆ ಕಾಯುವುದು

ದೂರದಲ್ಲಿರುವ ಮಗನಿಗೆ ತಂದೆ ತಾಯಿ ಮಾಡಬಹುದಾದದ್ದೇನು? ಫಾಕ್ಸ್ ಕುಟುಂಬದ ಉದಾಹರಣೆಯಲ್ಲಿ ಎರಡು ಕೆಲಸ ನನಗೆ ಮುಖ್ಯ ಎನಿಸಿದವು.

ಮೊದಲನೆಯದು, ಒಬ್ಬಂಟಿಯಾಗಲು ಬಿಡದಿರುವುದು. ಚಿಕ್ಕ ವ್ಯಾನಿನಲ್ಲಿ ತಿಂಗಳುಗಟ್ಟಲೆ ಜೊತೆಯಲ್ಲೇ ಇದ್ದ ಟೆರ್ರಿಗೂ ಡಗ್‌ಗೂ ಜಗಳ ಶುರುವಾಯಿತು. ನೋವಾ ಸ್ಕೋಶಿಯಾ ತಲುಪುವ ಹೊತ್ತಿಗೆ ಮಾತುಕತೆಯೇ ನಿಂತುಹೋಗುವ ಸ್ಥಿತಿ. ನೋವಿನಲ್ಲಿ ಓಡುವವನಿಗೆ ಕೋಪ ಬೇಗ ಬರುತ್ತದೆ. ದಿನವಿಡೀ ಕಾಯುತ್ತಾ ವ್ಯಾನ್ ಓಡಿಸುವವನ ಕಷ್ಟ ಯಾರಿಗೂ ಕಾಣುವುದಿಲ್ಲ. ಇಬ್ಬರ ನಡುವೆ ಮೂರನೆಯವನಾಗಿ 17 ವರ್ಷದ ತಮ್ಮ ಡಾರೆಲ್ ಬಂದು ಸೇರಿದ. ತಮ್ಮ ಬಂದ ಮೇಲೆ ಜಗಳ ತಣ್ಣಗಾಗಿ ನಗು ಮರಳಿತು. ಮನೆಯವರು ಓಟ ನಿಲ್ಲಿಸು ಎನ್ನಲಿಲ್ಲ. ಮನೆಯ ಒಬ್ಬನನ್ನು ಅವನ ಜೊತೆಗೆ ಬಿಟ್ಟರು. ಇನ್ನೊಬ್ಬ ಮಗನನ್ನೂ ಅದೇ ಹೆದ್ದಾರಿಗೆ ಕಳಿಸಿದರು ಎಂಬುದನ್ನು ಮರೆಯಬಾರದು.

ಎರಡನೆಯದು, ಸರಿಯಾದ ಹೊತ್ತಿಗೆ ಎದುರಿಗೆ ಬರುವುದು. ಒಂಟಾರಿಯೊ ಪ್ರಾಂತ್ಯಕ್ಕೆ ಬಂದಾಗ ಟೆರ್ರಿ ಇಡೀ ದೇಶಕ್ಕೆ ಗೊತ್ತಾಗಿದ್ದ. ಒಟ್ಟಾವಾದಲ್ಲಿ ಪ್ರಧಾನಿಯನ್ನು ಭೇಟಿಯಾದ. ಟೊರೊಂಟೊ ತಲುಪುವ ಮೊದಲು, ಅವನಿಗೆ ಮುಂಚೆ ತಿಳಿಸದೆ, ತಂದೆ ತಾಯಿಯನ್ನು ವಿಮಾನದಲ್ಲಿ ಕರೆಸಲಾಗಿತ್ತು. ಜುಲೈ 11ರಂದು ಟೊರೊಂಟೊದ ನೇಥನ್ ಫಿಲಿಪ್ಸ್ ಚೌಕದಲ್ಲಿ ಹತ್ತು ಸಾವಿರ ಜನ ಸೇರಿದರು. ಐಸ್ ಹಾಕಿಯ ತಾರೆ ಡಾರಿಲ್ ಸಿಟ್ಲರ್ ತನ್ನ ಆಲ್‌ಸ್ಟಾರ್ ಜರ್ಸಿಯನ್ನು ಅವನಿಗೆ ಕೊಟ್ಟ. ಆ ಒಂದೇ ದಿನ ಸುಮಾರು ಒಂದು ಲಕ್ಷ ಡಾಲರ್ ಸಂಗ್ರಹವಾಯಿತು ಎಂದು ಕ್ಯಾನ್ಸರ್ ಸೊಸೈಟಿ ಅಂದಾಜು ಮಾಡಿತು.

ಆಮೇಲೆ ತಂದೆ ತಾಯಿ ಮನೆಗೆ ಮರಳಿದರು, ಮಗ ಓಡುತ್ತಾ ಮುಂದೆ ಹೋದ. ಜುಲೈ 28ರಂದು ಗ್ರೇವನ್‌ಹರ್ಸ್ಟ್ ಎಂಬ ಊರಿನಲ್ಲಿ 22ನೇ ಹುಟ್ಟುಹಬ್ಬ. ಕಾಲಿನ ನೋವು, ಗುಳ್ಳೆ, ಸುಸ್ತು ಎಲ್ಲ ಹೆಚ್ಚುತ್ತಲೇ ಇತ್ತು. ಆದರೂ ಅವನು ಪಶ್ಚಿಮಕ್ಕೆ ಬಂದಷ್ಟೂ ಮನೆಯ ಗಡಿಯಾರಕ್ಕೆ ಹತ್ತಿರವಾಗುತ್ತಿದ್ದ. ನಾಲ್ಕೂವರೆ ಗಂಟೆಯ ಅಂತರ ನಾಲ್ಕಾಗಿ, ಕ್ವಿಬೆಕ್ ಮತ್ತು ಒಂಟಾರಿಯೊದಲ್ಲಿ ಮೂರಾಯಿತು.

ಆ ಅಂತರ ಮೂರಕ್ಕಿಂತ ಕಡಿಮೆಯಾಗಲಿಲ್ಲ.

ಸೆಪ್ಟೆಂಬರ್ 1

1980ರ ಸೆಪ್ಟೆಂಬರ್ 1, ಓಟದ 143ನೇ ದಿನ. ಥಂಡರ್ ಬೇ ನಗರದ ಹೊರಗೆ ಓಡುತ್ತಿದ್ದಾಗ ಕೆಮ್ಮು ಬಂತು, ಎದೆ ನೋಯತೊಡಗಿತು. ದಾರಿಯ ಬದಿಯಲ್ಲಿ ಜನ ಹುರಿದುಂಬಿಸುತ್ತಿದ್ದರು. ಅವರ ಎದುರು ನಿಲ್ಲಲು ಮನಸ್ಸಾಗದೆ, ಜನ ಇಲ್ಲದ ಜಾಗದವರೆಗೆ ಓಡಿ, ಆಮೇಲೆ ವ್ಯಾನ್ ಹತ್ತಿ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು.

ಲೇಖನದ ಮೊದಲಿನಲ್ಲಿ ಹೇಳಿದ ಮೆಟಾಸ್ಟಾಸಿಸ್ ಇದೇ. ಮೂಳೆಯ ಈ ಕ್ಯಾನ್ಸರ್ ಹರಡುವಾಗ ಹೆಚ್ಚಾಗಿ ಸೇರುವುದು ಶ್ವಾಸಕೋಶವನ್ನು. ದೇಹದ ಎಲ್ಲ ಕಡೆಯಿಂದ ಬಂದ ರಕ್ತ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶದ ಸೂಕ್ಷ್ಮ ಲೋಮನಾಳಗಳಿಗೆ ಹೋಗುತ್ತದೆ. ರಕ್ತದಲ್ಲಿ ಸಾಗಿಬಂದ ಕೋಶಗಳು ಸಿಕ್ಕಿಹಾಕಿಕೊಳ್ಳುವ ಮೊದಲ ಜರಡಿ ಅದು. ಕಾಲನ್ನು ತೆಗೆದರೂ, ಅದಕ್ಕೂ ಮೊದಲೇ ಹೊರಟುಹೋದ ಕೆಲವು ಕೋಶಗಳು ಕಾಣದಂತೆ ಉಳಿದಿರಬಹುದು. ಕಿಮೋಥೆರಪಿ ಕೊಡುವುದು ಅವುಗಳನ್ನು ಕೊಲ್ಲಲೆಂದೇ.

ಸುದ್ದಿ ತಿಳಿದ ಬೆಟ್ಟಿ ಮತ್ತು ರೋಲಂಡ್ ಥಂಡರ್ ಬೇಗೆ ಬಂದರು. ಮರುದಿನ ಪತ್ರಕರ್ತರ ಎದುರು ಟೆರ್ರಿ ಸ್ಟ್ರೆಚರ್ ಮೇಲೆ ಮಲಗಿಯೇ ಮಾತನಾಡಿದ. ತಂದೆ ತಾಯಿ ಅವನ ಪಕ್ಕದಲ್ಲಿದ್ದರು. ಸಾಧ್ಯವಾದರೆ ಮತ್ತೆ ಬಂದು ಓಟ ಮುಗಿಸುತ್ತೇನೆ ಎಂದ. ಐದು ತಿಂಗಳು ದೂರದಿಂದ ನೋಡಿದ್ದ ಮಗನನ್ನು ಅಂದು ಅವರು ಮನೆಗೆ ಕರೆದುಕೊಂಡು ಹೋದರು.

ಅಲ್ಲಿಯವರೆಗೆ ಬಂದಿದ್ದ ಹಣ ಸುಮಾರು 17 ಲಕ್ಷ ಡಾಲರ್. ಓಟ ನಿಂತ ಸುಮಾರು ಒಂದು ವಾರದಲ್ಲಿ ಒಂದು ಟಿವಿ ವಾಹಿನಿ ದೇಶವ್ಯಾಪಿ ಕಾರ್ಯಕ್ರಮ ನಡೆಸಿ 1 ಕೋಟಿ 5 ಲಕ್ಷ ಡಾಲರ್ ಸಂಗ್ರಹಿಸಿತು. 1981ರ ಫೆಬ್ರವರಿ 1ಕ್ಕೆ ಮೊತ್ತ 2 ಕೋಟಿ 41 ಲಕ್ಷ 70 ಸಾವಿರ ಡಾಲರ್. ಆಗ ಕೆನಡಾದ ಜನಸಂಖ್ಯೆಯೂ ಸುಮಾರು 2 ಕೋಟಿ 41 ಲಕ್ಷ. ತಲೆಗೆ ಒಂದು ಡಾಲರ್ ಎಂಬ ಮಾತು ನಡೆಯಿತು. ಅದನ್ನು ನೋಡಲು ಟೆರ್ರಿ ಇದ್ದ.

1981ರ ಜೂನ್ 28ರ ಬೆಳಗಿನ ಜಾವ ಟೆರ್ರಿ ತೀರಿಕೊಂಡ. 23 ತುಂಬಲು ಒಂದು ತಿಂಗಳು ಬಾಕಿಯಿತ್ತು. ಕುಟುಂಬದವರು ಹತ್ತಿರ ಇದ್ದರು.

ಬೆಟ್ಟಿ ಫಾಕ್ಸ್ ಅವರ ಮೂವತ್ತು ವರ್ಷ

ಟೆರ್ರಿ ಆಸ್ಪತ್ರೆಯಲ್ಲಿದ್ದಾಗಲೇ ಫೋರ್ ಸೀಸನ್ಸ್ ಹೋಟೆಲ್‌ಗಳ ಸ್ಥಾಪಕ ಇಸಡೋರ್ ಶಾರ್ಪ್ ಅವರಿಂದ ಒಂದು ತಂತಿ ಸಂದೇಶ ಬಂದಿತ್ತು. ನಿನ್ನ ಹೆಸರಿನಲ್ಲಿ ಪ್ರತಿ ವರ್ಷ ಓಟ ನಡೆಸುತ್ತೇವೆ ಎಂಬುದು ಅದರ ಸಾರ. ಶಾರ್ಪ್ ಅವರೂ 1978ರಲ್ಲಿ ಮಗನನ್ನು ಕ್ಯಾನ್ಸರ್‌ನಿಂದ ಕಳೆದುಕೊಂಡ ತಂದೆ. ಟೆರ್ರಿ ಒಪ್ಪಿದ, ಆದರೆ ಒಂದು ಷರತ್ತು ಇತ್ತು: ಇದು ಸ್ಪರ್ಧೆಯಾಗಬಾರದು. ಗೆದ್ದವರು, ಸೋತವರು ಎಂದು ಇರಬಾರದು. ಓಡುವವರು ಓಡಲಿ, ನಡೆಯುವವರು ನಡೆಯಲಿ, ಗಾಲಿಕುರ್ಚಿಯಲ್ಲಿ ಬರುವವರು ಬರಲಿ.

ಮೊದಲ ಟೆರ್ರಿ ಫಾಕ್ಸ್ ಓಟ 1981ರ ಸೆಪ್ಟೆಂಬರ್ 13ರಂದು ನಡೆಯಿತು. ಮೂರು ಲಕ್ಷ ಜನ ಭಾಗವಹಿಸಿ 35 ಲಕ್ಷ ಡಾಲರ್ ಕೊಟ್ಟರು. ಮಗನ ಓಟವನ್ನು ಮೊದಲು ಬೇಡ ಎಂದಿದ್ದ ತಾಯಿ ಅದರ ಮುಂದೆ ನಿಂತರು. ಮಗ ಹೋಗಿ ಮೂರು ತಿಂಗಳೂ ಆಗಿರಲಿಲ್ಲ.

ಬೆಟ್ಟಿ ದೇಶದ ಉದ್ದಗಲಕ್ಕೂ ಶಾಲೆಗಳಿಗೆ ಹೋಗಿ ಮಕ್ಕಳ ಎದುರು ಮಾತನಾಡಿದರು. ಒಂದು ದೃಷ್ಟಿಯಲ್ಲಿ, ಒಂದೇ ದುಃಖವನ್ನು ಮೂವತ್ತು ವರ್ಷ ಮತ್ತೆ ಮತ್ತೆ ಹೇಳಬೇಕಾದ ಕೆಲಸ ಅದು. 1988ರಲ್ಲಿ ಟೆರ್ರಿ ಫಾಕ್ಸ್ ಪ್ರತಿಷ್ಠಾನ ಪ್ರತ್ಯೇಕ ಸಂಸ್ಥೆಯಾಯಿತು.

ಅವರ ಇನ್ನೊಂದು ಕೆಲಸ ಹೊರಗೆ ಅಷ್ಟಾಗಿ ಕಾಣುವುದಿಲ್ಲ. ಅದು ಬೇಡ ಎನ್ನುವ ಕೆಲಸ. ಓಟ ಶುರುವಾದಾಗ ಟೆರ್ರಿಗೆ ವ್ಯಾನ್, ಇಂಧನ, ಶೂ ಕೊಟ್ಟ ಕಂಪನಿಗಳಿದ್ದವು. ಆದರೆ ತಮ್ಮ ಸರಕಿಗೆ ಜಾಹೀರಾತು ಮಾಡು ಎಂದವರನ್ನು ಅವನು ವಾಪಸ್ ಕಳಿಸಿದ. ಈ ಓಟದಿಂದ ಯಾರೂ ಲಾಭ ಮಾಡಬಾರದು ಎಂಬುದು ಅವನ ಪಟ್ಟು. ಅಂಥ ಪಟ್ಟನ್ನು ಹಿಡಿದವನು ಇದ್ದಾಗ ಪಾಲಿಸುವುದು ಒಂದು ಮಾತು, ಅವನು ಹೋದ ಮೇಲೆ ಪಾಲಿಸುವುದು ಇನ್ನೊಂದು ಮಾತು. ಹೆಸರು ದೊಡ್ಡದಾದಂತೆ ಅದನ್ನು ಬಳಸಿಕೊಳ್ಳಲು ಬಯಸುವವರೂ ಹೆಚ್ಚುತ್ತಾರೆ. ಬೆಟ್ಟಿ ಅಳತೆಗೋಲಾಗಿ ಇಟ್ಟುಕೊಂಡದ್ದು ಒಂದನ್ನೇ: ಟೆರ್ರಿ ಇದ್ದಿದ್ದರೆ ಒಪ್ಪುತ್ತಿದ್ದನೇ? ಇಂದಿಗೂ ಆ ಓಟದಲ್ಲಿ ಬಹುಮಾನವಿಲ್ಲ, ಪ್ರವೇಶ ಶುಲ್ಕವಿಲ್ಲ, ಇಷ್ಟೇ ಕೊಡಬೇಕೆಂಬ ನಿಯಮವಿಲ್ಲ. ನಮ್ಮ ಹಿರಿಯರು ಅಮಾನತ್ ಎಂದು ಕರೆಯುವುದು ಇದನ್ನೇ: ಇನ್ನೊಬ್ಬರು ನಂಬಿ ಕೈಯಲ್ಲಿಟ್ಟದ್ದನ್ನು ಇದ್ದ ಹಾಗೆಯೇ ಕಾಪಾಡುವುದು.

2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಲಿಂಪಿಕ್ ಧ್ವಜ ಹಿಡಿದು ಬಂದ ಎಂಟು ಜನರಲ್ಲಿ ಬೆಟ್ಟಿ ಫಾಕ್ಸ್ ಒಬ್ಬರು. 2011ರ ಜೂನ್ 17ರಂದು ಅವರು ತೀರಿಕೊಂಡರು. ಮಗ ಹೋದ ಮೂವತ್ತನೇ ವರ್ಷ ತುಂಬಲು ಹನ್ನೊಂದು ದಿನ ಉಳಿದಿತ್ತು.

ಟೆರ್ರಿಯ ಹೆಸರಿನಲ್ಲಿ ಈವರೆಗೆ ಸಂಗ್ರಹವಾದ ಹಣ 80 ಕೋಟಿ ಕೆನಡಿಯನ್ ಡಾಲರಿಗೂ ಹೆಚ್ಚು. ಓಟ ಬೇರೆ ಬೇರೆ ದೇಶಗಳಿಗೂ ಹಬ್ಬಿತು. ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಣ್ಣ, ಮಾವಂದಿರು ದುಡಿಯುವ ದುಬೈ, ಅಬುಧಾಬಿಗಳಲ್ಲೂ ನಡೆದಿದೆ. ಕ್ಯಾನ್ಸರ್ ಸಂಶೋಧನೆಯೂ ನಿಂತಿಲ್ಲ. ಇಂದು ಆಸ್ಟಿಯೊಸಾರ್ಕೋಮಾ ಹರಡುವ ಮೊದಲೇ ಪತ್ತೆಯಾದರೆ ಹೆಚ್ಚಿನವರ ಕಾಲನ್ನು ಕತ್ತರಿಸದೆ, ಕಾಯಿಲೆ ಇರುವ ಮೂಳೆಯ ಭಾಗವನ್ನಷ್ಟೇ ತೆಗೆದು, ಅಲ್ಲಿ ಲೋಹದ ಕೀಲು ಅಥವಾ ಬೇರೆ ಮೂಳೆ ಕೂರಿಸುತ್ತಾರೆ.

ನಮಗೆ ಇದರಿಂದ

ಸ್ನೇಹಿತರೇ, ನಾವ್ಯಾರೂ ದೇಶದ ಉದ್ದಕ್ಕೆ ಓಡಲು ಹೊರಟಿಲ್ಲ. ಆದರೆ ನೆರೆ ಬಂದಾಗ, ಯಾರಿಗಾದರೂ ಚಿಕಿತ್ಸೆಗೆ ಹಣ ಬೇಕಾದಾಗ ನಾವೂ ತರಗತಿಯಿಂದ ತರಗತಿಗೆ ಡಬ್ಬಿ ಹಿಡಿದು ಹೋಗುತ್ತೇವೆ. ಆಗ ಫಾಕ್ಸ್ ಕುಟುಂಬದಿಂದ ಕಲಿಯಬಹುದಾದದ್ದು ಮೂರು. ಹಣ ಯಾವುದಕ್ಕೆ ಎಂದು ಮೊದಲೇ ಸ್ಪಷ್ಟವಾಗಿ ಹೇಳುವುದು. ಹತ್ತು ರೂಪಾಯಿ ಕೊಟ್ಟವರನ್ನೂ ಸಾವಿರ ಕೊಟ್ಟವರನ್ನೂ ಒಂದೇ ರೀತಿ ಕಾಣುವುದು. ತಲೆಗೆ ಒಂದು ಡಾಲರ್‌ನಿಂದಲೇ 2 ಕೋಟಿ 41 ಲಕ್ಷ ಆಗಿದ್ದು. ಸಂಗ್ರಹಿಸಿದವರ ಹೆಸರು, ಫೋಟೊಗಳು ಉದ್ದೇಶಕ್ಕಿಂತ ಮುಂದೆ ಬರದಂತೆ ನೋಡಿಕೊಳ್ಳುವುದು.

ಇನ್ನೊಂದು ಮಾತು ಮನೆಗೆ ಸಂಬಂಧಿಸಿದ್ದು. ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ನಮ್ಮಲ್ಲಿ ಹಲವರು ದೂರದ ಊರಿನ ಹೆಸರು ಹೇಳಲಿದ್ದೇವೆ. ಮನೆಯಲ್ಲಿ ಯಾರೋ ಒಬ್ಬರು ಬೇಡ ಎನ್ನಬಹುದು, ವಿಶೇಷವಾಗಿ ಹುಡುಗಿಯರಿಗೆ. ಆ ‘ಬೇಡ’ದ ಹಿಂದೆ ಏನಿದೆ ಎಂದು ಕೇಳುವ ತಾಳ್ಮೆ ನಮಗಿರಲಿ. ಖರ್ಚಿನ ಲೆಕ್ಕವೋ, ಸುರಕ್ಷತೆಯ ಚಿಂತೆಯೋ, ನಮ್ಮ ಆರೋಗ್ಯದ ಯೋಚನೆಯೋ ಎಂದು ತಿಳಿದರೆ ಉತ್ತರ ಕೊಡಬಹುದು. ಟೆರ್ರಿ ಹೃದಯ ತಜ್ಞರ ಪ್ರಮಾಣಪತ್ರ ತಂದ ಹಾಗೆ, ನಾವೂ ಹಾಸ್ಟೆಲ್‌ನ ವಿವರ, ಶುಲ್ಕದ ಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಮುಂದಿಟ್ಟು ಮಾತನಾಡಬಹುದು.

ಈ ಲೇಖನವನ್ನು ಓದಲು ಸಿಕ್ಕರೆ ತಂದೆ ತಾಯಂದಿರಿಗೂ ಒಂದು ವಿನಂತಿ. ಬೇಡ ಎನ್ನುವ ಹಕ್ಕು ನಿಮಗಿದೆ. ಬೆಟ್ಟಿ ಫಾಕ್ಸ್ ಕೂಡ ಹಾಗೇ ಹೇಳಿದ್ದರು. ಆದರೆ ಮಾತು ಅಲ್ಲಿಗೇ ನಿಲ್ಲದಿರಲಿ. ಒಂದು ದಿನ, ಎರಡು ದಿನ ಬಿಟ್ಟು ರೋಲಂಡ್ ಕೇಳಿದ ಹಾಗೆ ನೀವೂ ಕೇಳಿ: ಯಾವಾಗ ಹೊರಡಬೇಕು, ಜೊತೆಗೆ ಯಾರಿದ್ದಾರೆ, ತಲುಪಿದ ಮೇಲೆ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀ?